ಗುಡ್ಡದೊಳಗಿನ ಸಣ್ಣ ಲೋಹದ ಗಣಿ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷ ಒಂದು ಸುರಂಗ ಗಣಿಯಲ್ಲಿ ಸರ್ವೆ ಕೆಲಸ ಮಾಡಿದೆ. ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗದೆ ಹೋದಾಗ ಊರಿಗೆ ವಾಪಸ್ ಬಂದೆ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಕಾಫಿ ಕೊಡಲು ಹೋದ ಕ್ಯೂರಿಂಗ್ ವರ್ಕ್ಸ್ ಬಾಗಿಲಲ್ಲಿ, ಎಲ್ಲಿ ಸಿಕ್ಕರೂ ಜನ ಗಣಿ ಬಗ್ಗೆ ಒಂದಲ್ಲ ಒಂದು ಕೇಳುತ್ತಾರೆ. ಎಲ್ಲರಿಗೂ ಅರ್ಧರ್ಧ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕೊಡಗಿನಲ್ಲಿ ಈಗ ಲೋಹದ ಗಣಿ ಇದೆಯಾ?

ಸುರಂಗ ತೋಡಿ ಲೋಹ ತೆಗೆಯುವ ಗಣಿ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿಲ್ಲ. ನಾವು ನೋಡಿರುವುದು ಕಲ್ಲು ಕೋರೆ, ಮರಳು. ಭಾಗಮಂಡಲದ ಕಡೆ ಕಾಡಿನಲ್ಲಿ ಹರಳು ಕಲ್ಲಿಗಾಗಿ ಕದ್ದು ಗುಂಡಿ ತೋಡಿದ ಸುದ್ದಿಯನ್ನು ಪೇಪರಿನಲ್ಲಿ ಓದಿದ್ದೀರಿ. ಅದು ಬೇರೆ. ಹರಳು ಲೋಹವಲ್ಲ, ಆ ಗುಂಡಿಗಳು ಗಣಿಯೂ ಅಲ್ಲ.

ಆದರೂ ಪ್ರಶ್ನೆ ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ತಾಮ್ರ, ನಿಕ್ಕಲ್, ಕೋಬಾಲ್ಟ್, ಹೀಗೆ ಬ್ಯಾಟರಿ ಲೋಹಗಳ ಮಾತು ಜಾಸ್ತಿಯಾಗಿದೆ. ಜೊತೆಗೆ "ಸಣ್ಣ ಗಣಿ, ಒಳಗಡೆ ಮಾತ್ರ ಅಗೆಯೋದು, ಮೇಲೆ ಕಾಡು ಹಾಗೇ ಇರುತ್ತೆ" ಎಂಬ ಮಾತು ಕೇಳಲು ಚೆನ್ನಾಗಿದೆ. ಆ ಮಾತಿನಲ್ಲಿ ಎಷ್ಟು ನಿಜ ಇದೆ ಅಂತ ತಿಳಿದುಕೊಂಡಿರುವುದು ಒಳ್ಳೆಯದು.

"ಸಣ್ಣ" ಅಂದರೆ ಎಷ್ಟು ಸಣ್ಣದು?

ಒಂದು ಸಾಧಾರಣ ಸುರಂಗ 2 ಮೀಟರ್ ಅಗಲ, 2.2 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಒಂದು ಟಬ್ (ಕಲ್ಲು ಸಾಗಿಸುವ ಗಾಡಿ) ತಳ್ಳಿಕೊಂಡು ಹೋಗಲು ಇಷ್ಟು ಬೇಕೇ ಬೇಕು. ಗಟ್ಟಿ ಕಲ್ಲಿನ ಒಂದು ಘನ ಮೀಟರ್ ಸುಮಾರು 2.7 ಟನ್ ತೂಗುತ್ತದೆ. ಅಂದರೆ ಒಂದೇ ಒಂದು ಮೀಟರ್ ಮುಂದೆ ಹೋಗಲು ಸುಮಾರು 12 ಟನ್ ಕಲ್ಲು ಹೊರಗೆ ಬರಬೇಕು, ಒಂದು ಟಿಪ್ಪರ್ ಲೋಡ್. 500 ಮೀಟರ್ ಸುರಂಗಕ್ಕೆ 500 ಟಿಪ್ಪರ್. ಇದು ಬರೀ ದಾರಿ ಮಾಡಿಕೊಳ್ಳಲು, ಅದಿರು ಇನ್ನೂ ಮುಟ್ಟಿಲ್ಲ. ಒಡೆದ ಕಲ್ಲು ಉಬ್ಬುತ್ತದೆ ಕೂಡ, ಗುಡ್ಡದೊಳಗೆ ಇದ್ದದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ.

ಚಿನ್ನದ ಅದಿರಾದರೆ ಟನ್ನಿಗೆ ಕೆಲವು ಗ್ರಾಂ ಚಿನ್ನ ಸಿಕ್ಕರೆ ಒಳ್ಳೆಯ ಅದಿರು ಅನ್ನುತ್ತಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ಸುರಂಗದಿಂದ ಚಿನ್ನ ತೆಗೆಯುತ್ತಿದ್ದಾರೆ, ಅಲ್ಲಿನ ಲೆಕ್ಕವೂ ಗ್ರಾಂನಲ್ಲೇ. ಅದಿರನ್ನು ಅರೆದು ಲೋಹ ತೆಗೆದ ಮೇಲೆ ಉಳಿದದ್ದೆಲ್ಲ ಪುಡಿ. ಆ ಪುಡಿ ಎಲ್ಲೋ ಒಂದು ಕಡೆ ಕೂರಬೇಕು. ಬಯಲಿನಲ್ಲಿ ಜಾಗ ಸಿಗುತ್ತದೆ. ನಮ್ಮ ಗುಡ್ಡಗಾಡಿನಲ್ಲಿ ಸಮತಟ್ಟಾದ ಜಾಗ ಅಂದರೆ ಒಂದು ಗದ್ದೆ, ಇಲ್ಲದಿದ್ದರೆ ಹೊಳೆ ದಂಡೆ, ಅಲ್ವಾ?

ಗುಡ್ಡದೊಳಗೆ ಹೋಗುವುದು ಹೇಗೆ? ಕೋಲಾರದ ಹಾಗೆ ಕೆಳಗೆ ಇಳಿಯಬೇಕಾ?

ಇಲ್ಲ. ಕೆ.ಜಿ.ಎಫ್. ಬಯಲು ನಾಡು. ಅಲ್ಲಿ ಶಾಫ್ಟ್, ಅಂದರೆ ಬಾವಿಯ ಹಾಗೆ ನೇರ ಕೆಳಗೆ ತೋಡಿ, ಲಿಫ್ಟಿನಂಥ ಕೇಜಿನಲ್ಲಿ ಇಳಿಯುತ್ತಿದ್ದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಗುಡ್ಡದಲ್ಲಿ ಅಷ್ಟು ಕಷ್ಟವಿಲ್ಲ. ಇಳಿಜಾರಿನಲ್ಲಿ ಒಂದು ಬಾಯಿ ಮಾಡಿ ಅಡ್ಡವಾಗಿ ಒಳಗೆ ಹೋಗುತ್ತಾರೆ. ಸುರಂಗದ ನೆಲ ಒಳಗಿನಿಂದ ಹೊರಗೆ ಸ್ವಲ್ಪವೇ ಇಳಿಜಾರಾಗಿ ಇರುತ್ತದೆ. ತುಂಬಿದ ಟಬ್ ಸುಲಭವಾಗಿ ಹೊರಗೆ ಬರಲಿ, ನೀರು ಪಂಪ್ ಇಲ್ಲದೆ ತಾನೇ ಹರಿದು ಹೋಗಲಿ ಅಂತ. ಈ "ತಾನೇ ಹರಿದು ಹೋಗಲಿ" ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ದಿನಾ ಏನು ನಡೆಯುತ್ತದೆ?

ಬಾಯಿಯ ಹತ್ತಿರ ಒಂದು ಹಲಗೆ ಇರುತ್ತದೆ. ಒಳಗೆ ಹೋಗುವ ಪ್ರತಿಯೊಬ್ಬರದ್ದೂ ಒಂದು ಟೋಕನ್. ಸಂಜೆ ಹಲಗೆ ನೋಡಿದರೆ ಯಾರು ಇನ್ನೂ ಹೊರಗೆ ಬಂದಿಲ್ಲ ಅಂತ ತಿಳಿಯುತ್ತದೆ. ಲೆಕ್ಕ ಸರಿ ಹೋಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ.

ಒಳಗೆ ಹೋದ ಕೂಡಲೇ ಡ್ರಿಲ್ ಹಿಡಿಯುವುದಿಲ್ಲ. ಮೊದಲು ಉದ್ದನೆಯ ಹಾರೆ ತೆಗೆದುಕೊಂಡು ಮೇಲ್ಛಾವಣಿ ಬಡಿದು ನೋಡುತ್ತಾರೆ. ಗಟ್ಟಿ ಕಲ್ಲಾದರೆ ಠಣ್ ಅನ್ನುತ್ತದೆ. ಸಡಿಲವಾಗಿದ್ದರೆ ದಬ್ ಅನ್ನುತ್ತದೆ. ನಾವು ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೇ. ನಾನು ಮೊದಲ ತಿಂಗಳು ಜೊತೆಗಿದ್ದ ಹಿರಿಯ ಮೇಸ್ತ್ರಿ ನನ್ನ ಕೈಯಲ್ಲಿ ಹಾರೆ ಕೊಟ್ಟು, ಲೈಟ್ ಆರಿಸಿ, ಬರೀ ಕಿವಿಯಲ್ಲಿ ಹೇಳು ಅಂದರು. ಕತ್ತಲು ಅಂದರೆ ಅದು ಕತ್ತಲು, ಕೈ ಮೂಗಿನ ಮುಂದೆ ಇದ್ದರೂ ಕಾಣುವುದಿಲ್ಲ. ಮೂರು ಕಡೆ ಬಡಿದೆ. ನಾಲ್ಕನೆಯ ಕಡೆ ದಬ್ ಅಂತು. ಅವರು ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದೆ ಎಳೆದು, ಆಮೇಲೆ ಲೈಟ್ ಹಾಕಿ ಆ ಕಲ್ಲನ್ನು ಮೀಟಿ ಕೆಡವಿದರು. ನಮ್ಮ ಅಡುಗೆ ಮನೆಯ ರುಬ್ಬುವ ಕಲ್ಲಿನಷ್ಟಿತ್ತು.

ಆಮೇಲೆ ಡ್ರಿಲ್. ನೀರು ಹಾಯಿಸಿಕೊಂಡೇ ಕೊರೆಯಬೇಕು, ಇಲ್ಲದಿದ್ದರೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ತೂತುಗಳಿಗೆ ಸಿಡಿಮದ್ದು ತುಂಬಿ, ಎಲ್ಲರೂ ದೂರ ಹೋದ ಮೇಲೆ ಸಿಡಿಸುತ್ತಾರೆ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಫ್ಯಾನ್ ಅದನ್ನು ಹೊರಗೆ ಹಾಕುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಮತ್ತೆ ಹಾರೆ, ಮತ್ತೆ ಬಡಿಯುವುದು, ಕಲ್ಲು ತುಂಬುವುದು. ಹೀಗೆ ಒಂದು ಸುತ್ತಿನಲ್ಲಿ ಒಂದೂವರೆ ಮೀಟರ್ ಮುಂದೆ ಹೋದರೆ ಒಳ್ಳೆಯ ದಿನ.

ಮೇಲೆ ಕಾಡು ಹಾಗೇ ಉಳಿಯುತ್ತದಲ್ವಾ?

ಸುರಂಗದ ನೇರ ಮೇಲೆ ಇರುವ ಮರಗಳು ಬಹುಮಟ್ಟಿಗೆ ಉಳಿಯುತ್ತವೆ. ಇದನ್ನು ಒಪ್ಪಿಕೊಳ್ಳಲೇಬೇಕು. ಬಯಲು ಗಣಿ ಗುಡ್ಡದ ತಲೆಯನ್ನೇ ತೆಗೆಯುತ್ತದೆ, ಸುರಂಗ ಗಣಿ ಹಾಗೆ ಮಾಡುವುದಿಲ್ಲ.

ಆದರೆ ಬಾಯಿಯವರೆಗೆ ಟಿಪ್ಪರ್ ಬರುವ ರಸ್ತೆ ಬೇಕು. ಕರೆಂಟ್ ಲೈನ್ ಬೇಕು. ಕಂಪ್ರೆಸರ್, ಸಿಡಿಮದ್ದಿನ ಮನೆ, ಕೆಲಸದವರ ಲೈನ್ ಮನೆ, ಕಲ್ಲು ಸುರಿಯುವ ಜಾಗ. ಗಾಳಿಗೆ ಮತ್ತು ತುರ್ತಿಗೆ ಇನ್ನೊಂದು ದಾರಿ ಬೇಕು, ಅದು ಗುಡ್ಡದ ಮೇಲೆ ಇನ್ನೆಲ್ಲೋ ತೆರೆದುಕೊಳ್ಳುತ್ತದೆ. ಫ್ಯಾನ್ ಹಗಲು ರಾತ್ರಿ ಸದ್ದು ಮಾಡುತ್ತದೆ. ಆನೆ ತಲೆಮಾರುಗಳಿಂದ ನಡೆದ ದಾರಿಯಲ್ಲಿ ರಾತ್ರಿ ಲೈಟ್ ಹಾಕಿಕೊಂಡು ಟಿಪ್ಪರ್ ಓಡಿದರೆ ಆ ಆನೆ ಎಲ್ಲಿಗೆ ಬರುತ್ತದೆ ಅಂತ ಸಿದ್ದಾಪುರದವರಿಗೆ, ಅಮ್ಮತ್ತಿಯವರಿಗೆ ನಾನು ಹೇಳಬೇಕಾಗಿಲ್ಲ. ತೋಟಕ್ಕೆ ಬರುತ್ತದೆ.

ಸರಿ, ನೀರಿನ ಕತೆ ಏನು?

ನಾನು ನಿಜವಾಗಿ ಬರೆಯಬೇಕು ಅಂತ ಕೂತದ್ದು ಇದಕ್ಕೇ.

ನಮ್ಮ ಗುಡ್ಡ ಒಂದು ನೀರಿನ ತೊಟ್ಟಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದು ಮಣ್ಣಿನಲ್ಲಿ, ಕಲ್ಲಿನ ಬಿರುಕುಗಳಲ್ಲಿ ಕೂತು, ಮೆಲ್ಲಗೆ ಇಳಿದು, ಮಾರ್ಚ್‌ನಲ್ಲಿ ಕೊಲ್ಲಿಯಲ್ಲಿ (ಗುಡ್ಡದ ಸಂದಿನ ತಗ್ಗಿನಲ್ಲಿ) ಒರತೆಯಾಗಿ ಬರುತ್ತದೆ. ಎಷ್ಟೋ ಮನೆಗಳಿಗೆ ಮೋಟಾರೇ ಇಲ್ಲ, ಮೇಲಿನ ಒರತೆಯಿಂದ ಪೈಪ್ ಎಳೆದ ಗ್ರಾವಿಟಿ ನೀರು. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೂ ಆ ತೋಡಿನ (ಸಣ್ಣ ಹಳ್ಳದ) ನೀರೇ.

ಈಗ ಆ ತೊಟ್ಟಿಯ ಬುಡಕ್ಕೆ ಒಂದು ತೂತು ಮಾಡಿ. ಸುರಂಗ ಅಂದರೆ ಅದೇ. ನೀರು ಇರುವ ಬಿರುಕನ್ನು ಸುರಂಗ ಕತ್ತರಿಸಿದರೆ ನೀರು ಹಳೆಯ ದಾರಿ ಬಿಟ್ಟು ಸುಲಭದ ದಾರಿ ಹಿಡಿಯುತ್ತದೆ. ಮೇಲಿನ ಒರತೆ ಬತ್ತುತ್ತದೆ, ಕೆಳಗೆ ಸುರಂಗದ ಬಾಯಲ್ಲಿ ಹೊಸ ತೋಡು ಹುಟ್ಟುತ್ತದೆ. ಒಟ್ಟು ನೀರು ಎಲ್ಲೂ ಹೋಗಿಲ್ಲ, ಆದರೆ ನಿಮ್ಮ ಪೈಪಿನ ಬಾಯಿಗಿಂತ 200 ಅಡಿ ಕೆಳಗೆ ಬಂದರೆ ನಿಮಗೇನು ಉಪಯೋಗ? ಬಿರುಕಿಗೆ ಸಿಮೆಂಟ್ ಒತ್ತಿ ತುಂಬಿ ನೀರು ತಡೆಯುವ ವಿಧಾನ ಇದೆ. ಎಲ್ಲ ಬಿರುಕನ್ನೂ ಹುಡುಕಿ ತುಂಬಲು ಆಗುವುದಿಲ್ಲ.

ಅಮೆರಿಕದ ಮೊಂಟಾನಾದಲ್ಲಿ ಕ್ಯಾಬಿನೆಟ್ ಪರ್ವತಗಳ ರಕ್ಷಿತ ಕಾಡಿದೆ. ಆ ಕಾಡಿನ ಕೆಳಗಿನ ತಾಮ್ರ, ಬೆಳ್ಳಿ ತೆಗೆಯಲು ರಾಕ್ ಕ್ರೀಕ್ ಎಂಬ ಯೋಜನೆ ಹಾಕಿದರು. ಸುರಂಗದ ಬಾಯಿ ಗಡಿಯ ಹೊರಗೆ, ಅದಿರು ಗಡಿಯ ಒಳಗೆ. ಮೇಲಿನ ಮರ ಮುಟ್ಟುವುದಿಲ್ಲ ಅಂದರು. ಜಗಳ ಆದದ್ದು ಮರಕ್ಕಲ್ಲ, ಒಳಗಿನ ನೀರು ಸೋರಿ ಮೇಲಿನ ತೊರೆಗಳು ಒಣಗಿದರೆ ಮೀನು ಏನಾಗಬೇಕು, ಅಲ್ಲಿನ ಗ್ರಿಜ್ಲಿ ಕರಡಿ ಏನಾಗಬೇಕು ಅಂತ. ದಶಕಗಳ ಕಾಲ ಕೋರ್ಟಿನಲ್ಲಿ ನಡೆಯಿತು.

ಹೊರಗೆ ಬರುವ ನೀರು ಕುಡಿಯಬಹುದಾ?

ಅದಿರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ತಾಮ್ರ, ಸೀಸ, ಸತುವಿನ ಅದಿರು ಹೆಚ್ಚಾಗಿ ಗಂಧಕದ ಜೊತೆ ಸೇರಿಕೊಂಡಿರುತ್ತದೆ. ಅದರ ಜೊತೆ ಪೈರೈಟ್ ಇರುತ್ತದೆ, ಚಿನ್ನದ ಹಾಗೆ ಹೊಳೆಯುವ ಕಲ್ಲು. ಗುಡ್ಡದೊಳಗೆ ಗಾಳಿ ಸೋಕದೆ ಇರುವವರೆಗೆ ಅದು ಸುಮ್ನೆ ಇರುತ್ತದೆ. ಗಾಳಿ ಮತ್ತು ನೀರು ಎರಡೂ ಸಿಕ್ಕಿದರೆ ಗಂಧಕಾಮ್ಲ ಆಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಇನ್ನೂ ಜೋರು ಮಾಡುತ್ತವೆ. ಆ ಹುಳಿ ನೀರು ಕಲ್ಲಿನಲ್ಲಿರುವ ತಾಮ್ರ, ಸತು, ಕ್ಯಾಡ್ಮಿಯಂ ಕರಗಿಸಿಕೊಂಡು ಹೊರಗೆ ಬರುತ್ತದೆ. ತೋಡಿನ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಕೆಸರು ಕೂರುತ್ತದೆ.

ತೋಟದವರಿಗೆ ಇದು ಅರ್ಥವಾಗದ ಕೆಮಿಸ್ಟ್ರಿ ಏನಲ್ಲ. ಮೆಣಸಿಗೆ, ಕಾಫಿಗೆ ರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಮಾಡುತ್ತೀರಲ್ಲ, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಯಿತಾ ಅಂತ ಚೂರಿ ಅದ್ದಿ ನೋಡುತ್ತೀರಿ. ಚೂರಿಯ ಮೇಲೆ ಕೆಂಪು ಕೂತರೆ ಹುಳಿ ಇನ್ನೂ ಇದೆ, ತಾಮ್ರ ಕರಗಿಯೇ ಇದೆ, ಇನ್ನಷ್ಟು ಸುಣ್ಣ ಹಾಕು ಅಂತ ಅರ್ಥ. ಗಣಿಯ ನೀರಿಗೂ ಮಾಡುವುದು ಅದೇ, ಸುಣ್ಣ ಹಾಕಿ ಹುಳಿ ಕಡಿಮೆ ಮಾಡಿ ಲೋಹವನ್ನು ಕೆಸರಾಗಿ ಕೂರಿಸುತ್ತಾರೆ. ತಾಮ್ರದ ಗಣಿಗಳಲ್ಲಿ ಹಳೆ ಕಬ್ಬಿಣದ ಚೂರುಗಳನ್ನು ನೀರಿಗೆ ಹಾಕಿ, ಅದರ ಮೇಲೆ ಕೂತ ತಾಮ್ರ ಕೆರೆದು ಮಾರುತ್ತಿದ್ದ ಕಾಲವೂ ಇತ್ತು. ವ್ಯತ್ಯಾಸ ಒಂದೇ. ನೀವು ಬೋರ್ಡೋ ವರ್ಷಕ್ಕೆ ಒಂದೆರಡು ಸಲ ಮಾಡುತ್ತೀರಿ. ಗಣಿಯ ನೀರಿಗೆ ದಿನಾ ಮಾಡಬೇಕು, ಗಣಿ ಮುಚ್ಚಿದ ಮೇಲೂ ಮಾಡಬೇಕು. ಆಗ ಸುಣ್ಣಕ್ಕೆ ದುಡ್ಡು ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲ ದಿನವೇ ಕೇಳಬೇಕು.

ಮನುಷ್ಯರಿಗಿಂತ ಮೊದಲು ಹೋಗುವುದು ಮೀನು. ನಮಗೆ ಏನೂ ಅನ್ನಿಸದಷ್ಟು ಕಡಿಮೆ ತಾಮ್ರ ಕೂಡ ಮೀನಿನ ಕಿವಿರಿಗೆ ಹೊಡೆಯುತ್ತದೆ. ವಾಲ್ನೂರಿನ ಹೊಳೆಯಲ್ಲಿ ಮಹಶೀರ್ ಮೀನು ನೋಡಿದವರು ಇದನ್ನು ಯೋಚಿಸಬೇಕು.

ಮುಚ್ಚಿದ ಗಣಿಯಿಂದ ಏನು ತೊಂದರೆ?

ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ ಗೋಲ್ಡ್ ಕಿಂಗ್ ಅಂತ ಒಂದು ಹಳೆಯ ಸುರಂಗ ಗಣಿ. ಅಲ್ಲಿ ಚಿನ್ನ ತೆಗೆಯುವುದು 1920ರ ದಶಕದಲ್ಲೇ ನಿಂತಿತ್ತು. ಬಾಯಿ ಕುಸಿದು ಮುಚ್ಚಿಕೊಂಡಿತ್ತು, ಹಿಂದೆ ನೀರು ತುಂಬಿತ್ತು. 2015ರ ಆಗಸ್ಟ್ 5ರಂದು ಅಲ್ಲಿನ ಪರಿಸರ ಇಲಾಖೆಯವರೇ ಸರಿ ಮಾಡಲು ಹೋಗಿ ಮಣ್ಣು ತೆಗೆಯುವಾಗ ಅಷ್ಟೂ ನೀರು ನುಗ್ಗಿತು. 1 ಕೋಟಿ 10 ಲಕ್ಷ ಲೀಟರಿಗೂ ಜಾಸ್ತಿ. ಅನಿಮಸ್ ಎಂಬ ನದಿ ಅರಿಸಿನ ಕದಡಿದ ಹಾಗೆ ಹಳದಿಯಾಯಿತು. ಅಲ್ಲಿ ಚಿನ್ನ ತೆಗೆಯುವುದು ನಿಂತು ಆಗಲೇ ಸುಮಾರು ತೊಂಬತ್ತು ವರ್ಷ ಆಗಿತ್ತು.

ಸ್ಪೇನ್‌ನ ರಿಯೋ ಟಿಂಟೋ ನದಿ ಸಾವಿರಾರು ವರ್ಷಗಳ ಗಣಿಗಾರಿಕೆಯ ಜಾಗದಿಂದ ಹರಿದು ಬರುತ್ತದೆ. ಅದು ಇವತ್ತಿಗೂ ಕೆಂಪು, ಇವತ್ತಿಗೂ ಹುಳಿ.

ಸುರಂಗವನ್ನು ಕಾಂಕ್ರೀಟ್ ಹಾಕಿ ಮುಚ್ಚಬಹುದು, ಖಾಲಿ ಜಾಗವನ್ನು ಪುಡಿಯಿಂದ ತುಂಬಬಹುದು. ಚೆನ್ನಾಗಿ ಮಾಡಿದರೆ ಕೆಲಸ ಮಾಡುತ್ತದೆ. ಆದರೆ ಬಾಯಿ ಮುಚ್ಚಿದಾಗ ಒಳಗೆ ನೀರಿನ ಮಟ್ಟ ಏರುತ್ತದೆ, ಇನ್ನೊಂದು ಬಿರುಕಿನಲ್ಲಿ ಹೊರಗೆ ಬರಬಹುದು.

ಸೈನೈಡ್ ಬಳಸುತ್ತಾರಾ?

ಚಿನ್ನಕ್ಕೆ ಬಳಸುತ್ತಾರೆ. ತಾಮ್ರ, ಸೀಸ, ಸತುವಿಗೆ ಹೆಚ್ಚಾಗಿ ನೊರೆಯಲ್ಲಿ ತೇಲಿಸಿ ಬೇರೆ ಮಾಡುವ ವಿಧಾನ. ಸಿಕ್ಕಿಂನ ರಂಗ್ಪೋ ಹತ್ತಿರ ಭೋಟಾಂಗ್ ಅಂತ ಒಂದು ಸಣ್ಣ ಗುಡ್ಡದ ಗಣಿ ಇತ್ತು, ಒಂದೇ ಅದಿರಿನಲ್ಲಿ ತಾಮ್ರ, ಸೀಸ, ಸತು ಮೂರೂ. ಕೆ.ಜಿ.ಎಫ್.ಗೆ ಹೋದವರು ಊರ ನಡುವಿನ ಬೂದು ಗುಡ್ಡಗಳನ್ನು ನೋಡಿರುತ್ತಾರೆ, ಜನ ಸೈನೈಡ್ ಗುಡ್ಡ ಅಂತಲೇ ಕರೆಯುತ್ತಾರೆ. ಗಣಿ ನಿಂತದ್ದು 2001ರ ಫೆಬ್ರವರಿ 28ರಂದು. ಗುಡ್ಡಗಳು ಅಲ್ಲೇ ಇವೆ, ಗಾಳಿ ಬಂದರೆ ಪುಡಿ ಹಾರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ಕರೆಂಟ್ ಎಳೆದರು, ಸುಮಾರು 150 ಕಿಲೋಮೀಟರ್ ಲೈನ್. ಆ ಗಣಿ ದೀಪ ಉರಿದದ್ದು ತಲಕಾವೇರಿಯಲ್ಲಿ ಹುಟ್ಟಿದ ನೀರಿನಿಂದ. ನಮ್ಮ ಗುಡ್ಡದ ನೀರು ಬರೀ ನಮ್ಮದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ನಮ್ಮ ಮಳೆಯಲ್ಲಿ ಇಂಥ ಗಣಿ ನಿಲ್ಲುತ್ತದಾ?

ಗಟ್ಟಿ ಕಲ್ಲಿನೊಳಗಿನ ಸುರಂಗ ನಿಲ್ಲಬಹುದು. ತೊಂದರೆ ಹೊರಗೆ. ನಮ್ಮ ಕಲ್ಲಿನ ಮೇಲೆ ದಪ್ಪನೆಯ ಮಣ್ಣಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಮಳೆ ಜಾಸ್ತಿ ಇತ್ತು, ಜೊತೆಗೆ ರಸ್ತೆಗೆ, ಮನೆಗೆ ಅಂತ ಕಡಿದ ಬರೆಗಳು (ಇಳಿಜಾರು ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಮೊದಲು ಬಾಯಿ ಬಿಟ್ಟವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಇಂಥ ಇಳಿಜಾರಿನಲ್ಲಿ ಗಣಿ ರಸ್ತೆಗೆ ಬರೆ ಕಡಿದು, ಅದರ ಪಕ್ಕ ಸಾವಿರಾರು ಟನ್ ಒಡೆದ ಕಲ್ಲು ಸುರಿದು, ಕಕ್ಕಡದ (ಜುಲೈ, ಆಗಸ್ಟ್) ಮಳೆಗೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಕುದುರೆಮುಖದಲ್ಲಿ ಇಷ್ಟು ವರ್ಷ ನಡೀಲಿಲ್ವಾ?

ನಡೆಯಿತು. ಅದು ಬಯಲು ಗಣಿ, ಕಬ್ಬಿಣದ್ದು, ದೊಡ್ಡದು. ಕಂಪನಿ ಶುರುವಾದದ್ದು 1976ರಲ್ಲಿ. ಪುಡಿ ನಿಲ್ಲಿಸಲು ಕಟ್ಟಿದ ಲಕ್ಯಾ ಅಣೆಕಟ್ಟು ಸುಮಾರು 100 ಮೀಟರ್ ಎತ್ತರ. ಗಣಿಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ನಮ್ಮ ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪ ಇದ್ದರು, ನಾಗರಹೊಳೆಯಲ್ಲಿ ರೇಂಜರ್ ಆಗಿದ್ದವರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಭದ್ರಾ ನದಿಗೆ ಮಳೆಗಾಲದಲ್ಲಿ ಹೋಗುತ್ತಿದ್ದ ಕೆಸರು ಆ ಕೇಸಿನ ದೊಡ್ಡ ವಿಷಯವಾಗಿತ್ತು. ಅಲ್ಲೂ ನೀರೇ.

ಕಾನೂನು ಏನು ಹೇಳುತ್ತದೆ?

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳು, ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಇವುಗಳ ಒಳಗೂ, ಗಡಿಯಿಂದ 1 ಕಿಲೋಮೀಟರ್ ಒಳಗೂ ಗಣಿಗಾರಿಕೆ ಕೂಡದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ಹೇಳಿದೆ. ಮೂರು ವನ್ಯಧಾಮಗಳೂ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ಭಾಗ. ಮೀಸಲು ಅರಣ್ಯವಾದರೆ 1980ರ ಅರಣ್ಯ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಬರೀ ನೆಲದ ಕೆಳಗೆ ಅಗೆದರೂ ಬೇಕು. ಅರಣ್ಯ ಹಕ್ಕು ಕಾಯ್ದೆ ಇರುವ ಆದಿವಾಸಿ ಹಾಡಿಗಳಲ್ಲಿ ಗ್ರಾಮ ಸಭೆಯ ಮಾತಿಗೆ ಬೆಲೆ ಇದೆ. ಗ್ರಾಮ ಸಭೆ ಅಂದರೆ ಸಹಿ ಹಾಕಿ ಟೀ ಕುಡಿದು ಬರುವ ಜಾಗ ಅಲ್ಲ, ದಯವಿಟ್ಟು ಹೋಗಿ ಕೂತು ಕೇಳಿ.

ನನ್ನ ತೋಟದ ಕೆಳಗೆ ಅದಿರು ಇದ್ದರೆ ಅದು ನನ್ನದಾ?

ಜಮ್ಮಾ ಬಾಣೆ, ಸಾಗು, ಪೈಸಾರಿ ಅಂತ ಜಾಗದ ಒಂದೊಂದು ದಾಖಲೆಗೂ ಒಂದೊಂದು ಕತೆ ಇದೆ, ವಕೀಲರಿಗೆ ತೋರಿಸಿ. ಒಂದು ಮಾತ್ರ ಖಚಿತ. ಜಾಗ ಯಾರದ್ದೇ ಇರಲಿ, 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಗುತ್ತಿಗೆ ಇಲ್ಲದೆ ಅಗೆಯುವಂತಿಲ್ಲ.

ನಮ್ಮ ಹುಡುಗರಿಗೆ ಕೆಲಸ ಸಿಗುತ್ತಾ?

ಸ್ವಲ್ಪ ಸಿಗುತ್ತದೆ. ಡ್ರಿಲ್ ಹಿಡಿಯುವವರು, ಮದ್ದು ತುಂಬುವವರು ತರಬೇತಿ ಆದವರೇ ಬೇಕು, ಅವರು ಹೊರಗಿನಿಂದ ಬರುತ್ತಾರೆ. ಸಣ್ಣ ಗಣಿಯ ಆಯಸ್ಸೂ ಸಣ್ಣದು, ಲೋಹದ ಬೆಲೆ ಬಿದ್ದರೆ ನಡುವೆಯೇ ನಿಲ್ಲುತ್ತದೆ. ಹೋಗುವವರು ಒಂದೇ ಒಂದು ವಿಷಯದಲ್ಲಿ ರಾಜಿ ಆಗಬೇಡಿ. ಒಣ ಡ್ರಿಲ್ ಹಿಡಿಯಬೇಡಿ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಸಿಲಿಕೋಸಿಸ್, ಬಂದರೆ ವಾಪಸ್ ಹೋಗುವುದಿಲ್ಲ. ಗಣಿಯಲ್ಲಿ ನನಗೆ ಹಾರೆ ಕಲಿಸಿದ ಆ ಮೇಸ್ತ್ರಿ ಹರೆಯದಲ್ಲಿ ಬೇರೆಲ್ಲೋ ಒಣ ಡ್ರಿಲ್ ಹಿಡಿದವರು. ನಾನು ಬರುವ ಹೊತ್ತಿಗೆ ಹತ್ತು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲುತ್ತಿದ್ದರು.

ಕಾಡಿನಲ್ಲಿ ಹಳೆಯ ಗುಹೆ, ಸುರಂಗ ಕಂಡರೆ ಒಳಗೆ ಹೋಗಬಹುದಾ?

ಬೇಡ. ಒಳಗೆ ಆಮ್ಲಜನಕ ಕಡಿಮೆ ಇರಬಹುದು, ಅದಕ್ಕೆ ವಾಸನೆ ಇಲ್ಲ, ತಲೆ ತಿರುಗಿದ್ದು ಗೊತ್ತಾಗುವಷ್ಟರಲ್ಲಿ ಕಾಲು ಬರುವುದಿಲ್ಲ. ಕಾಲಡಿ ನಿಂತ ನೀರು ಅರ್ಧ ಅಡಿ ಅಂತ ಕಂಡರೂ ಅದರ ಕೆಳಗೆ ತೋಡಿದ ಬಾವಿ ಇರಬಹುದು.

ಹಾಗಾದರೆ ನೀವು ಗಣಿಗೆ ವಿರೋಧಿನಾ?

ಅಲ್ಲ. ಆರು ವರ್ಷ ಅದರ ಅನ್ನ ತಿಂದಿದ್ದೇನೆ. ನನ್ನ ಪಂಪ್‌ಸೆಟ್ಟಿನ ತಾಮ್ರದ ವೈರ್ ಯಾವುದೋ ಗುಡ್ಡದಿಂದಲೇ ಬಂದದ್ದು. ಆದರೆ ಎಲ್ಲ ಜಾಗವೂ ಎಲ್ಲದಕ್ಕೂ ಅಲ್ಲ. ಹೊಳೆ ಹುಟ್ಟುವ ಗುಡ್ಡದಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ.

ಈಗ ನಾವೇನು ಮಾಡಬೇಕು?

ನಿಮ್ಮ ಒರತೆಯನ್ನು ಅಳೆಯಿರಿ. ಇವತ್ತಿನಿಂದಲೇ. ಎಲ್ಲಿ ಗಣಿ ಬಂದು ನೀರು ಬತ್ತಿದರೂ ಊರವರು "ಮೊದಲು ತುಂಬಾ ಬರುತ್ತಿತ್ತು" ಅನ್ನುತ್ತಾರೆ, ಎದುರಿನವರು "ಎಷ್ಟು?" ಅಂತ ಕೇಳುತ್ತಾರೆ, ಉತ್ತರ ಇರುವುದಿಲ್ಲ. ಗಣಿ ಬರದೇ ಇದ್ದರೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ, ಮೇಲಿನವರು ಬೋರ್‌ವೆಲ್ ಕೊರೆಸಿದಾಗ, ರೆಸಾರ್ಟ್ ಬಂದಾಗ.

20 ಲೀಟರ್ ಬಕೆಟ್, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್. ಪೈಪಿನ ಬಾಯಿಗೆ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಆಗುತ್ತದೆ ನೋಡಿ. ಮೂರು ಸಲ ಮಾಡಿ. ತಾರೀಕು ಹಾಕಿ ಬರೆಯಿರಿ. ತಿಂಗಳಿಗೆ ಒಂದು ದಿನ, ಒಂದೇ ಜಾಗ. ಪಿ.ಎಚ್. ಪಟ್ಟಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೂ ಅದ್ದಿ ಬಣ್ಣ ನೋಡಿ ಬರೆಯಿರಿ. ಹಿರಿಯರಿದ್ದರೆ ಯಾವ ವರ್ಷ ಒರತೆ ನಿಂತಿತ್ತು ಅಂತ ಕೇಳಿ ಅದನ್ನೂ ಸೇರಿಸಿ.

ನಮ್ಮ ಮನೆಯ ಮೇಲಿನ ಕೊಲ್ಲಿಯದ್ದನ್ನು ನಾನು ಮಳೆ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತೇನೆ. ಅದರ ಮುಂದಿನ ಪುಟಗಳಲ್ಲಿ ಅಪ್ಪ ಮಳೆಯ ಇಂಚು ಬರೆಯುತ್ತಿದ್ದರು. ಕಳೆದ ಸೆಪ್ಟೆಂಬರ್‌ನಲ್ಲಿ ಬಕೆಟ್ ತುಂಬಲು 9 ಸೆಕೆಂಡ್, ಜನವರಿಯಲ್ಲಿ 31, ಮಾರ್ಚ್ ಕೊನೆಗೆ 74. ಹೂಮಳೆ ಬಿದ್ದ ಮರುವಾರ 58.